ಕದನದ ಹೊಣೆ: ಎಡೆದೊರೆಯ ಸಾಕ್ಷ್ಯ

ಬಲಿಷ್ಠ ರಾಜ್ಯವೊಂದು ನೆರೆಯ ನಾಡಿನ ಮೇಲೆ ದಂಡೆತ್ತಿದಾಗಲೆಲ್ಲ ಲೋಕ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಹೊಣೆ ಯಾರು ಎಂಬುದು. 2022ರ ಫೆಬ್ರುವರಿಯಲ್ಲಿ ರಷ್ಯದ ಸೇನೆ ಉಕ್ರೇನಿನ ಮೇಲೆ ಏರಿಹೋದಂದಿನಿಂದ ಈ ಪ್ರಶ್ನೆಗೆ ಬಂದ ಉತ್ತರಗಳು ಒಂದೆರಡಲ್ಲ. ಒಬ್ಬರು ಮಾಸ್ಕೋವಿನತ್ತ ಬೆರಳು ತೋರಿದರೆ, ಇನ್ನೊಬ್ಬರು ನ್ಯಾಟೋ ಕೂಟ ಪೂರ್ವಕ್ಕೆ ಬೆಳೆದುದನ್ನು ಎತ್ತಿ ಹೇಳುತ್ತಾರೆ. ಇವುಗಳಲ್ಲಿ ಬಹುಪಾಲು, ಹೇಳುವವನ ಪಕ್ಷವನ್ನು ತಿಳಿಸುತ್ತವೆಯೇ ಹೊರತು ಯುದ್ಧದ ಕಾರಣವನ್ನಲ್ಲ. ಈ ಗೊಂದಲದ ನಡುವೆ ನನಗೆ ನಮ್ಮ ರಾಯಚೂರಿನ ಕದನವೊಂದು ಮತ್ತೆ ಮತ್ತೆ ನೆನಪಾಗುತ್ತದೆ.

ದೇವದುರ್ಗದ ಸೀಮೆಯ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಸೀಮೆಯ ಅಂಚಿನಲ್ಲಿ ತುಂಗಭದ್ರೆ; ಈ ಎರಡು ಹೊಳೆಗಳ ನಡುವಣ ನೆಲವೇ ಶಾಸನಗಳ ಎಡೆದೊರೆ ನಾಡು, ಇತಿಹಾಸಕಾರರ ರಾಯಚೂರು ದೋಆಬ್. ಇದಕ್ಕಾಗಿ ವಿಜಯನಗರದ ಅರಸರು ಮೊದಲು ಬಹಮನಿಗಳೊಡನೆಯೂ ಅನಂತರ ಬಿಜಾಪುರದೊಡನೆಯೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಶ್ರೀಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಹನಿಗೂ ನಡೆದ ಯುದ್ಧ ಆ ಸರಣಿಯಲ್ಲಿ ಪ್ರಸಿದ್ಧವಾದುದು. ಅಂದು ದಕ್ಷಿಣಾಪಥದ ಮಹಾಶಕ್ತಿ ವಿಜಯನಗರವೇ.

ಯುದ್ಧದ ಕಾರಣವನ್ನು ಇಬ್ಬರು ಬರೆದಿದ್ದಾರೆ. ವಿಜಯನಗರದಲ್ಲಿ ನೆಲೆಸಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನೀಜ್ ಹೇಳುವುದು ಹೀಗೆ: ಕುದುರೆಗಳನ್ನು ಕೊಳ್ಳಲೆಂದು 40,000 ಪರ್ದಾವೊ ಹಣವನ್ನು ರಾಯನಿಂದ ಪಡೆದು ಗೋವೆಗೆ ಹೊರಟ ಸೈಯದ್ ಮರಕ್ಕಾರನೆಂಬವನು ಆದಿಲಶಹನ ಆಶ್ರಯಕ್ಕೆ ಓಡಿಹೋದನು, ರಾಯನು ಕೇಳಿದರೂ ಶಹನು ಅವನನ್ನು ಒಪ್ಪಿಸಲಿಲ್ಲ. ಇಷ್ಟನ್ನೇ ಓದಿದರೆ ಹೊಣೆಯೆಲ್ಲ ಓಡಿಹೋದವನದೂ ಆಶ್ರಯವಿತ್ತವನದೂ ಎನ್ನಬೇಕಾದೀತು. ಆದರೆ ಶಾಂತಿಯನ್ನು ಮುರಿಯಲು ರಾಯನು ಮೊದಲೇ ನೆವ ಹುಡುಕುತ್ತಿದ್ದನೆಂಬುದನ್ನೂ ನುನೀಜನೇ ಮರೆಮಾಚದೆ ಬರೆದಿದ್ದಾನೆ.

ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಸ್ತಾ ಸುಮಾರು ಒಂದು ಶತಮಾನದ ಬಳಿಕ ಬರೆದವನು. ಅವನ ಕಥನದಲ್ಲಿ ಓಡಿಹೋದ ವ್ಯಾಪಾರಿಗಿಂತ ಶಹನ ಹಟವೇ ದೊಡ್ಡದು. ರಾಯಚೂರು ಮುದಗಲ್ಲುಗಳನ್ನು ಮರಳಿ ಪಡೆಯಲು ಹೊರಟ ಶಹನು ಮದ್ಯದ ಅಮಲಿನಲ್ಲಿ ಕೃಷ್ಣೆಯನ್ನು ದಾಟಿ ಸೈನ್ಯವನ್ನು ನಾಶಕ್ಕೆ ಒಡ್ಡಿದನಂತೆ.

ಗಮನಿಸಬೇಕಾದುದು ಇದನ್ನೇ. ಇವೆರಡು ಕಥನಗಳೂ ಒಂದಕ್ಕೊಂದು ಹೊಂದುವುದಿಲ್ಲ. ಆದರೂ ಇಬ್ಬರೂ ತಾವಿದ್ದ ಕಡೆಯ ಅರಸನ ತಪ್ಪನ್ನು ಮುಚ್ಚಿಡಲಿಲ್ಲ. ಹೊಣೆಯ ವಿಚಾರ ತನ್ನ ಮನೆಯಿಂದ ಮೊದಲಾಗಬೇಕೆಂಬ ಈ ಧೈರ್ಯ, ಇಂದಿನ ಯುದ್ಧಗಳ ವಕ್ತಾರರಲ್ಲಿ ಅಪರೂಪ.

ಇನ್ನೊಂದು ಮಾತು. ಗೆದ್ದ ಮೇಲೆ ನಿಲ್ಲಿಸುವ ಅವಕಾಶ ರಾಯನ ಕೈಯಲ್ಲೇ ಇತ್ತು. ಶಹನು ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಗೆದ್ದುದನ್ನು ಹಿಂದಿರುಗಿಸುವೆನೆಂದು ಅವನು ಹೇಳಿದನೆಂದು ನುನೀಜನ ಹೇಳಿಕೆ. ಶಹನು ಬರಲಿಲ್ಲ; ರಾಯನ ದಂಡು ಬಿಜಾಪುರದವರೆಗೂ ಹೋಯಿತು. ಶಹನು ಬಾರದಿರಲು ಸೆರೆಯಲ್ಲಿದ್ದ ಸಲಾಬತ್ ಖಾನನ ಪತ್ರಗಳೇ ಕಾರಣವೆಂದು ಅಸದ್ ಖಾನನು ರಾಯನ ಕಿವಿಯೂದಿದನು. ಆ ಸೆರೆಯಾಳಿನ ತಲೆ ಉರುಳಿತು. ಹೊಣೆಯೆಂಬುದು ಯಾವಾಗಲೂ ಹೀಗೆ ಅತ್ಯಂತ ನಿರ್ಬಲನ ಕೊರಳನ್ನು ಹುಡುಕಿಕೊಂಡು ಹೋಗುತ್ತದೆ. ಕುರುಕ್ಷೇತ್ರದ ಹೊಣೆಯನ್ನು ಶಕುನಿಯ ದಾಳಗಳ ಮೇಲೆ ಹೊರಿಸುವುದು ಸುಲಭ. ಐದು ಊರುಗಳನ್ನೂ ಕೊಡೆನೆಂದವನ ಮೇಲೆ ಹೊರಿಸುವುದು ಕಷ್ಟ.

ಆದ್ದರಿಂದ ನನಗನ್ನಿಸುವುದು, ನೆವ ಯಾರದೆಂಬುದಕ್ಕಿಂತ, ತಡೆಯಬಲ್ಲ ಶಕ್ತಿ ಯಾರಿಗಿತ್ತು ಎಂಬ ಪ್ರಶ್ನೆಯೇ ಹಿರಿದು. ಶಕ್ತಿ ಹೆಚ್ಚಿದಷ್ಟೂ ಹೊಣೆ ಹೆಚ್ಚು. ಆಶ್ರಯವಿತ್ತವನೂ ಕಿವಿಯೂದಿದವನೂ ಕುದುರೆ ಮಾರಿದವನೂ ತಮ್ಮ ತಮ್ಮ ಪಾಲನ್ನು ಹೊರಲಿ. ಆದರೆ ಹೊರಡಿರೆಂದು ದಂಡಿಗೆ ಅಪ್ಪಣೆಯಿತ್ತವನ ಪಾಲನ್ನು ಅವರಾರೂ ಹೊರಲಾರರು. 1520ರಲ್ಲಿ ವಿಜಯನಗರಕ್ಕೆ ಸಲ್ಲುವ ಈ ಮಾತು 2022ರಲ್ಲಿ ಮಾಸ್ಕೋವಿಗೂ ಸಲ್ಲುತ್ತದೆ. ಉಕ್ರೇನಿನ ಗಡಿಯನ್ನು ದಾಟಿರೆಂಬ ಅಪ್ಪಣೆ ಹೊರಟದ್ದು ಅಲ್ಲಿಂದಲೇ.

ರಾಯನ ಕಡೆಯಲ್ಲಿಯೇ 16,000ಕ್ಕೂ ಮಿಕ್ಕಿ ಜನ ಸತ್ತರೆಂದು ನುನೀಜ್ ಬರೆದಿದ್ದಾನೆ. ಕುದುರೆ, ಆನೆ, ಫಿರಂಗಿಗಳಿಗೂ ಅವನಲ್ಲಿ ಲೆಕ್ಕ ಉಂಟು. ದಂಡು ತುಳಿದುಹೋದ ಹೊಲಗಳ ಒಡೆಯರನ್ನು ಮಾತ್ರ ಯಾರೂ ಎಣಿಸಲಿಲ್ಲ. ಯುದ್ಧದ ಹೊಣೆ ಯಾರದೆಂದು ಕೇಳುವ ಮೊದಲ ಹಕ್ಕು ಆ ಎಣಿಕೆಗೆ ಬಾರದವರದು.