ಅಭಿನಯದ ಪಾಠ ಎಲ್ಲಿಂದ ಆರಂಭವಾಗಬೇಕು?



ಶ್ರೀಮಠದ ಪ್ರೌಢಶಾಲೆಯ ಮಕ್ಕಳಿಗೆ ಅಭಿನಯದ ತರಗತಿಯನ್ನು ಆರಂಭಿಸಿ ಎರಡು ವರ್ಷಗಳಾದವು. ಹಿರಿಯ ಭಕ್ತರೊಬ್ಬರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ವೇಷವನ್ನು ಖಂಡಿಸಿದವರು ಶರಣರು. ಅವರ ಮಠದಲ್ಲಿ ಮಕ್ಕಳಿಗೆ ವೇಷ ಕಟ್ಟುವುದನ್ನು ಕಲಿಸುತ್ತೀರಲ್ಲ?”

ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆದರೆ ಶರಣರು ಖಂಡಿಸಿದ್ದು ಒಳಗೊಂದು ಹೊರಗೊಂದಾದ ಭಕ್ತಿಯ ಸೋಗನ್ನು. ಸೋಗಿನವನು ತನ್ನ ವೇಷವನ್ನು ಮುಚ್ಚಿಡುತ್ತಾನೆ. ನಟನು ಅದು ವೇಷವೆಂದು ಒಪ್ಪಿಕೊಂಡೇ ರಂಗವೇರುತ್ತಾನೆ. 12ನೆಯ ಶತಮಾನದ ಬಹುರೂಪಿ ಚೌಡಯ್ಯನವರ ಕಾಯಕವೇ ವೇಷ ಧರಿಸುವುದಾಗಿತ್ತು. ನಗೆಯ ಮಾರಿತಂದೆಯವರದು ಜನರನ್ನು ನಗಿಸುವ ಕಾಯಕ. ಅವರ ವಚನಗಳನ್ನು ಪೀಠದ ಮೇಲಿಟ್ಟು, ಅವರ ಕಾಯಕವನ್ನು ಅಂಗಳದಿಂದ ಹೊರಗಟ್ಟಲಾದೀತೇ? ಸಾಣೇಹಳ್ಳಿಯ ಶ್ರೀಮಠವು 1997ರಲ್ಲಿ ‘ಶಿವಸಂಚಾರ’ವನ್ನು ಕಟ್ಟಿ ಊರೂರಿಗೆ ನಾಟಕಗಳನ್ನು ಕೊಂಡೊಯ್ದುದನ್ನು ತಾವೆಲ್ಲ ಬಲ್ಲಿರಿ. ಆದುದರಿಂದ ಕಲಿಸಬೇಕೇ ಎಂಬ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಹೇಗೆ ಕಲಿಸಬೇಕೆಂಬಲ್ಲಿಯೇ ನಾನು ಎಡವಿದ್ದು.

ಮೊದಲ ವರ್ಷ ಜಾತ್ರೆಗೆ ಆರು ವಾರಗಳಷ್ಟೇ ಉಳಿದಿದ್ದವು. ಕಲ್ಯಾಣಕ್ರಾಂತಿಯ ನಾಟಕವನ್ನೇ ಕೈಗೆತ್ತಿಕೊಂಡೆ. ಪ್ರತಿಯೊಂದು ಮಾತನ್ನೂ ನಾನೇ ಆಡಿ ತೋರಿಸಿದೆ. ಮಕ್ಕಳು ಹಾಗೆಯೇ ಒಪ್ಪಿಸಿದರು. ರಂಗದ ಮೇಲೆ ಬಸವಣ್ಣನವರೂ ಬಿಜ್ಜಳನೂ ನನ್ನ ಧ್ವನಿಯಲ್ಲಿಯೇ ಮಾತನಾಡಿದರು. ಮಾತಿನ ಕೊನೆಗೆ ತಲೆಯಾಡಿಸುವ ನನ್ನ ದುರಭ್ಯಾಸವೂ ಗಂಗಾಂಬಿಕೆಯವರಿಗೆ ಬಂದಿತ್ತು! ಜನ ಚಪ್ಪಾಳೆ ತಟ್ಟಿದರೆಂಬುದು ಬೇರೆ ಮಾತು. ಇನ್ನೂ ದೊಡ್ಡ ತಪ್ಪೊಂದಿದೆ. ಬಸವಣ್ಣನವರ ಪಾತ್ರವನ್ನು ದಾಸೋಹಕ್ಕೆ ಹೆಚ್ಚು ಕಾಣಿಕೆ ಕೊಟ್ಟ ಮನೆಯ ಬಾಲಕನಿಗೆ ಕೊಡಬೇಕೆಂಬ ಸೂಚನೆ ಬಂತು, ನಾನು ಒಪ್ಪಿದೆ. ಆ ಪಾತ್ರಕ್ಕೆ ತಕ್ಕ ಕಂಠವಿದ್ದ ಇನ್ನೊಬ್ಬ ಬಾಲಕ ಮೀಸೆ ಅಂಟಿಸಿಕೊಂಡು ಈಟಿ ಹಿಡಿದು ನಿಂತ. ಎರಡನೆಯ ವರ್ಷ ಅವನು ತರಗತಿಗೆ ಬರಲಿಲ್ಲ. ಸಮಾನತೆಯ ನಾಟಕವನ್ನು ಆಡಿಸುವಾಗಲೇ ನಾವು ಮಾಡಿದ್ದು ಇದು.

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ವೇಷಭೂಷಣವಾದ ಆಹಾರ್ಯವು ಅದರಲ್ಲಿ ಒಂದು ಮಾತ್ರ. ನಮ್ಮ ಶಾಲೆಗಳಲ್ಲಿ ಆರಂಭವಾಗುವುದೇ ಅಲ್ಲಿಂದ. ಎಷ್ಟೋ ಸಲ ಮುಗಿಯುವುದೂ ಅಲ್ಲಿಯೇ. ಎರಡನೆಯ ವರ್ಷ ನಾನು ನಾಟಕವನ್ನೇ ಕೈಬಿಟ್ಟೆ. ಮನೆಯ ಕಾಯಕವೊಂದನ್ನು ಒಂದು ವಾರ ನೋಡಿ, ಸಾಮಗ್ರಿಯಿಲ್ಲದೆ ಮಾಡಿ ತೋರಿಸಿರೆಂದೆ. ಒಬ್ಬ ಬಾಲಕಿ ತಾಯಿ ರೊಟ್ಟಿ ತಟ್ಟುವುದನ್ನು ತೋರಿಸಿದಳು. ಬರಿಯ ನೆಲವಿದ್ದರೂ ಹಂಚಿನ ಬಿಸಿಗೆ ಬೆರಳು ಹಿಂದೆಗೆದಾಗ ಯಾವ ಮಗುವೂ ನಗಲಿಲ್ಲ. ಈ ಸ್ಥಿತಿಯಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ನಟನು ತನ್ನನ್ನೇ ಕೇಳಿಕೊಳ್ಳಬೇಕೆಂದು ಕಲಿಸಿದವನು ರಷ್ಯಾದ ಸ್ತಾನಿಸ್ಲಾವ್‌ಸ್ಕಿ (1863–1938). ಆ ಹೆಸರನ್ನು ಕೇಳಿರದ ಬಾಲಕಿ ಅದನ್ನು ಮಾಡಿದ್ದಳು. ನಾನು ತೋರಿಸಿಕೊಟ್ಟಿದ್ದರೆ ಮಾಡುತ್ತಿರಲಿಲ್ಲ.

ವಾಚಿಕಕ್ಕೆ ವಚನಕ್ಕಿಂತ ಒಳ್ಳೆಯ ಪಾಠವಿಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಕಟ್ಟಿದ ಛಂದಸ್ಸಿಲ್ಲ. ಉಸಿರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರ್ಥವೇ ಹೇಳುತ್ತದೆ. ಪ್ರಾರ್ಥನೆಯ ವೇಳೆ ರೂಢಿಯಾದ ಏಕರಾಗದಿಂದ ಮಕ್ಕಳನ್ನು ಬಿಡಿಸಲು ಮೂರು ತಿಂಗಳು ಹಿಡಿಯಿತು. ಒಂದು ದಿನ ಬಾಲಕನೊಬ್ಬ ಕೇಳಿದ: “ಸರ್, ಕೂಡಲಸಂಗಮದೇವಾ ಅನ್ನುವಾಗ ಯಾರನ್ನು ನೋಡಬೇಕು?” ಅಂಕಿತವೆಂದರೆ ವಚನಕಾರರ ಮುದ್ರೆಯೆಂದು ಎಂ.ಎ. ತರಗತಿಯಲ್ಲಿ ಓದಿದ್ದೆ. ಅದು ಸಂಬೋಧನೆ, ಎದುರಿಗೊಬ್ಬರಿದ್ದಾರೆಂದು ಕರೆಯುವ ಮಾತು ಎಂಬುದು ಆ ಪ್ರಶ್ನೆಯಿಂದಲೇ ನನ್ನ ಮನಸ್ಸಿಗೆ ನಾಟಿತು. ಉತ್ತರ ಹೇಳದೆ, ಪ್ರಯತ್ನಿಸಿ ನೋಡಪ್ಪಾ ಎಂದೆ. ಅವನು ತನ್ನ ಎಡ ಅಂಗೈಯನ್ನು ನೋಡಿ ಹೇಳಿದ.

ತಮ್ಮ ಊರಿನ ಶಾಲೆಯಲ್ಲಿ ಇಂಥ ತರಗತಿಯನ್ನು ತೆರೆಯಬೇಕೆನ್ನುವ ಭಕ್ತರಲ್ಲಿ ನನ್ನ ಬಿನ್ನಹವಿಷ್ಟೇ: ಮೊದಲ ಆರು ತಿಂಗಳು ಪ್ರದರ್ಶನವನ್ನು ಕೇಳಬೇಡಿರಿ, ಪಾತ್ರ ಹಂಚುವಲ್ಲಿ ಕೈಹಾಕಬೇಡಿರಿ. ಈ ವರ್ಷದ ಜಾತ್ರೆಯಲ್ಲಿ ನಮ್ಮ ಮಕ್ಕಳ ನಾಟಕವಿರುವುದಿಲ್ಲ. ಬೇವಿನ ಮರದಡಿ ಅರ್ಧ ಗಂಟೆ ವಚನಗಳನ್ನು ನುಡಿಯುತ್ತಾರೆ.

ಈಟಿ ಹಿಡಿದಿದ್ದ ಬಾಲಕನ ಮನೆಗೆ ಮೊನ್ನೆ ಹೋಗಿ ಬಂದೆ. ಬರುತ್ತೇನೆಂದೂ ಅವನು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ.