ಬಾಗಿಲ ಬಳಿ ಒಂದು ಪುಟ್ಟ ಮೇಜು

ಒಳಗೆಲ್ಲ ಎಷ್ಟೇ ಒಪ್ಪ ಓರಣ ಇದ್ದರೂ ಅನೇಕ ಮನೆಗಳಲ್ಲಿ ಬಾಗಿಲ ಬಳಿ ಮಾತ್ರ ಸಂತೆ ನೆರೆದಿರುತ್ತದೆ. ಒಂದು ಮೂಲೆಯಲ್ಲಿ ಶಾಲೆಯ ಬ್ಯಾಗು, ಇನ್ನೊಂದು ಮೂಲೆಯಲ್ಲಿ ಮದ್ರಸದ ಚೀಲ, ಕುರ್ಚಿಯ ಬೆನ್ನಿಗೆ ಬುರ್ಖಾ, ಕಿಟಕಿಯ ಮೇಲೆ ಟೋಪಿ, ನೆಲದ ತುಂಬ ಚಪ್ಪಲಿ. ಬೈಕಿನ ಕೀ ಎಲ್ಲಿದೆ, ಕರೆಂಟ್ ಬಿಲ್ ಎಲ್ಲಿದೆ ಎಂದು ಬೆಳಗಾದರೆ ಎಲ್ಲರೂ ಕೇಳುವುದು ನಿಮ್ಮನ್ನೇ. ಇದು ಬರೀ ಕಿರಿಕಿರಿಯ ವಿಷಯವಲ್ಲ. ಕಣ್ಣು ಮಂಜಾದ ಹಿರಿಯರು ರಾತ್ರಿ ಹೊತ್ತು ಚಪ್ಪಲಿ ಎಡವಿ ಬಿದ್ದರೆ ಸೊಂಟದ ಮೂಳೆಯೇ ಮುರಿದೀತು.

ಇದಕ್ಕೆ ದೊಡ್ಡ ಖರ್ಚಿನ ಪೀಠೋಪಕರಣ ಬೇಕಿಲ್ಲ. ಗೋಡೆಗೆ ತಾಗಿ ನಿಲ್ಲುವ ಒಂದು ಕಿರಿದಾದ ಮೇಜು ಸಾಕು. ಅದನ್ನು ನೀವೇ ಮಾಡಬಹುದು. 'ಅದು ಗಂಡಸರ ಕೆಲಸ' ಎಂದು ಹಿಂಜರಿಯಬೇಡಿ. ಹೊಲಿಗೆ ಬಲ್ಲವರಿಗೆ ಈ ಕೆಲಸದ ಕ್ರಮ ಹೊಸದಲ್ಲ. ಅಳತೆ ತೆಗೆಯುವುದು, ಗುರುತು ಹಾಕುವುದು, ಕತ್ತರಿಸುವುದು, ಜೋಡಿಸುವುದು. ಬಟ್ಟೆಯ ಬದಲು ಮರ, ದಾರದ ಬದಲು ಸ್ಕ್ರೂ, ಅಷ್ಟೇ.

ಮೊದಲು ಮರದ ಬಗ್ಗೆ ಒಂದು ಮಾತು. ಅಟ್ಟದಲ್ಲಿರುವ ಹಳೆಯ ಬಾಗಿಲನ್ನೋ ಮಂಚವನ್ನೋ ಉಜ್ಜಿ ಬಳಸೋಣ ಎಂದು ಅನಿಸಬಹುದು. ಅದಕ್ಕೆ ಹಳೆಯ ಪೇಂಟ್ ಇದ್ದರೆ ದಯವಿಟ್ಟು ಬೇಡ. ಹಿಂದಿನ ಪೇಂಟುಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಬಳಕೆಯ ಪೇಂಟುಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಳೆಯ ಪೇಂಟ್ ಉಜ್ಜಿದಾಗ ಏಳುವ ಧೂಳು ನೆಲದ ಮೇಲೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಗರ್ಭಿಣಿಯರಂತೂ ಅಂಥ ಧೂಳಿನ ಹತ್ತಿರ ಸುಳಿಯಬಾರದು.

ವಿದೇಶದಿಂದ ಸರಕು ಬಂದ ಪ್ಯಾಕಿಂಗ್ ಮರ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. 'ಎಚ್.ಟಿ.' ಎಂದಿದ್ದರೆ ಮರವನ್ನು ಬಿಸಿ ಮಾಡಿ ಹುಳು ತೆಗೆದಿದ್ದಾರೆ ಎಂದರ್ಥ, ಬಳಸಬಹುದು. 'ಎಂ.ಬಿ.' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಮನೆಗೆ ತರಬೇಡಿ. ಇವೆರಡೂ ಬೇಡವೆಂದರೆ ಮರದಂಗಡಿಯಲ್ಲಿ ಚೆನ್ನಾಗಿ ಒಣಗಿದ, ಕೀಸಿದ ಮುಕ್ಕಾಲು ಇಂಚು ದಪ್ಪದ ಹಲಗೆ ಕೇಳಿ. ಕೆಳಗಿನ ಅಳತೆಯ ಚೀಟಿ ಕೊಟ್ಟರೆ ಅಲ್ಲೇ ಕೊಯ್ದುಕೊಡುತ್ತಾರೆ.

ಕಾಲು: 2 ಇಂಚು ಚೌಕದ್ದು, 29 ಇಂಚು ಉದ್ದ – 4
ಉದ್ದ ಪಟ್ಟಿ: 3 ಇಂಚು ಅಗಲ, 34 ಇಂಚು ಉದ್ದ – 2
ಅಡ್ಡ ಪಟ್ಟಿ: 3 ಇಂಚು ಅಗಲ, 8 ಇಂಚು ಉದ್ದ – 4
ಮೇಲ್ಹಲಗೆ: ಐದೂವರೆ ಇಂಚು ಅಗಲ, 36 ಇಂಚು ಉದ್ದ – 2
ಕೆಳಹಲಗೆ: 4 ಇಂಚು ಅಗಲ, 30 ಇಂಚು ಉದ್ದ – 2

ಎರಡು ಕಾಲುಗಳನ್ನು ನೆಲದ ಮೇಲೆ ಮಲಗಿಸಿ. ಹೊರ ಅಂಚಿನಿಂದ ಹೊರ ಅಂಚಿಗೆ 8 ಇಂಚು ಇರಲಿ. ತುದಿಗೆ ಸಮನಾಗಿ ಒಂದು ಅಡ್ಡ ಪಟ್ಟಿ ಇಡಿ. ಇನ್ನೊಂದರ ಮೇಲಂಚು ಕಾಲಿನ ಬುಡದಿಂದ 7 ಇಂಚು ಎತ್ತರಕ್ಕೆ ಬರಲಿ. ಸ್ಕ್ರೂ ಹಾಕುವ ಮೊದಲು ಅದಕ್ಕಿಂತ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಮರ ಸೀಳುತ್ತದೆ. ಒಂದೂವರೆ ಇಂಚಿನ ಸ್ಕ್ರೂ ಸಾಕು. ಇಂಥ ಎರಡು ಚೌಕಟ್ಟು ಮಾಡಿ, ಅಡ್ಡ ಪಟ್ಟಿಗಳು ಒಳಗಡೆ ಎದುರುಬದುರಾಗುವಂತೆ ನಿಲ್ಲಿಸಿ, ಮುಂದೊಂದು ಹಿಂದೊಂದು ಉದ್ದ ಪಟ್ಟಿಯನ್ನು ಮೇಲ್ತುದಿಗೆ ಜೋಡಿಸಿ. ಮೊದಲು ಒಂದೊಂದೇ ಸ್ಕ್ರೂ ಹಾಕಿ. ಎಡಗಾಲಿನ ತಲೆಯಿಂದ ಬಲಗಾಲಿನ ಬುಡಕ್ಕೆ ದಾರ ಹಿಡಿಯಿರಿ, ಬಳಿಕ ಬಲದಿಂದ ಎಡಕ್ಕೆ. ಎರಡೂ ಅಳತೆ ಒಂದೇ ಆದರೆ ಮೇಜು ನೇರವಾಗಿದೆ. ಆಮೇಲೆ ಎರಡನೆಯ ಸ್ಕ್ರೂ ಬಿಗಿಯಿರಿ.

ಕೆಳಹಲಗೆಗಳು ಒಳಗಿನ ಅಡ್ಡ ಪಟ್ಟಿಗಳ ಮೇಲೆ ಕೂರುತ್ತವೆ. ಮೇಲ್ಹಲಗೆಗಳನ್ನು 'ಎಲ್' ಆಕಾರದ ಕಬ್ಬಿಣದ ಪಟ್ಟಿಯಿಂದ ಅಡಿಯಿಂದಲೇ ಬಂಧಿಸಿ. ಇಲ್ಲಿ ಅರ್ಧ ಇಂಚಿನ ಸ್ಕ್ರೂ ಬೇಕು, ಉದ್ದದ್ದಾದರೆ ಮೇಲೆ ತೂರಿ ಬರುತ್ತದೆ. ಮಳೆಗಾಲದಲ್ಲಿ ಮರ ಅಗಲಕ್ಕೆ ಉಬ್ಬುವುದರಿಂದ ಎರಡು ಹಲಗೆಗಳ ನಡುವೆ ನಾಣ್ಯದ ದಪ್ಪದಷ್ಟು ಎಡೆ ಬಿಡಿ.

ಮರದ ನಾರಿನ ಗುಂಟ 80, 120, 220ರ ಸ್ಯಾಂಡ್ ಪೇಪರಿನಿಂದ ಕ್ರಮವಾಗಿ ಉಜ್ಜಿ, ಪ್ರೈಮರ್ ಹಾಗೂ ಪೇಂಟ್ ಬಳಿಯಿರಿ. ಕಾಲಿನ ಬುಡವನ್ನು ಮರೆಯಬೇಡಿ. ನೆಲ ಒರೆಸಿದ ನೀರನ್ನು ಮರ ಹೀರುವುದು ಅಲ್ಲಿಂದಲೇ. ಅಡಿಗೆ ರಬ್ಬರ್ ಬುಷ್ ಹಾಕಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು. ಎತ್ತರವಾದ, ಅಗಲ ಕಡಿಮೆಯ ಮೇಜಿಗೆ ಮಗು ಜೋತುಬಿದ್ದರೆ ಅದು ಮಗುವಿನ ಮೇಲೆಯೇ ಮಗುಚುತ್ತದೆ. ಎರಡು ಕಬ್ಬಿಣದ ಪಟ್ಟಿಗಳಿಂದ ಅದನ್ನು ಗೋಡೆಗೆ ಬಿಗಿಯದೆ ಬಿಡಬೇಡಿ. ಬಾಡಿಗೆ ಮನೆಯಾದರೆ ಯಜಮಾನರಿಗೆ ಮೊದಲೇ ಹೇಳಿ.

ಈ ಕೆಲಸಕ್ಕೆ ಮಗ, ಮಗಳು ಇಬ್ಬರನ್ನೂ ಕರೆದುಕೊಳ್ಳಿ. ಮಗಳ ಕೈಗೂ ಸ್ಕ್ರೂ ಡ್ರೈವರ್ ಕೊಡಿ, ಕೆಲಸ ಮುಗಿದ ಮೇಲೆ ಮಗನ ಕೈಗೂ ಪೊರಕೆ ಕೊಡಿ. ಕೀಗೆ ಒಂದು ಬಟ್ಟಲು, ಬಿಲ್ಲಿಗೆ ಒಂದು ಡಬ್ಬ, ಬ್ಯಾಗಿಗೆ ಕೆಳಹಲಗೆ, ಚಪ್ಪಲಿಗೆ ಅದರ ಅಡಿ ಎಂದು ಎಲ್ಲರೂ ಸೇರಿ ಜಾಗ ಗೊತ್ತುಮಾಡಿ. ತಾವೇ ಮಾಡಿದ ಮೇಜನ್ನು ಮಕ್ಕಳು ಓರಣವಾಗಿಯೂ ಇಟ್ಟುಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಯಾರಾದರೂ 'ಕೀ ಎಲ್ಲಿದೆ?' ಎಂದು ಕೂಗಿದರೆ, ಮೇಜಿನತ್ತ ಬೆರಳು ತೋರಿಸಿ ನಿಮ್ಮ ಚಹಾ ಕುಡಿಯಿರಿ.