ಜಗಲಿ ತೆರೆಯುತ್ತೇವೆ

ಕಲಿಸುವುದೇ ಕಲಾವಿದರ ಬದುಕು ಎಂದು ನಾವು ಸಾರುತ್ತೇವೆ. ಪ್ರದರ್ಶನ ಆ ಬದುಕಿನ ಒಂದು ದಿನ, ಪ್ರಶಸ್ತಿ ಅದರ ಒಂದು ಸಂಜೆ. ಉಳಿದ ದಿನಗಳೆಲ್ಲ ಪಕ್ಕದಲ್ಲಿ ಕೂತು ನೋಡುವ ಇನ್ನೊಬ್ಬರ ಕೈಗೆ ಸೇರಿದವು.

ನಾವು ಸಾಗರ, ಸೊರಬ, ಸಿದ್ದಾಪುರ ಸೀಮೆಯ ಮನೆಗಳಲ್ಲಿ ಕಸುಬು ಕಲಿತವರು. ಮದುವೆಯ ಹಸೆಗೋಡೆಗೆ ಚಿತ್ತಾರ ಬರೆಯುವ ದೀವರ ಹೆಣ್ಣುಮಕ್ಕಳು, ಬೆಂಡಿನಲ್ಲಿ ಬಾಸಿಂಗ ಕಟ್ಟುವ ಗುಡಿಗಾರರು, ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದಾರರು. ನಮಗೆ ಯಾರೂ ಪಾಠ ಹೇಳಲಿಲ್ಲ. ಅಮ್ಮನ ಮಗ್ಗುಲಲ್ಲಿ, ಅತ್ತೆಯ ಬೆನ್ನ ಹಿಂದೆ, ದೊಡ್ಡಪ್ಪನ ಉಳಿಯ ಸದ್ದಿನ ನಡುವೆ ಕೆಲಸ ತಾನಾಗಿ ಕೈಗೆ ಹತ್ತಿತು.

ಚಿತ್ತಾರ ಹೇಗೆ ಹತ್ತಿತು ಎಂಬುದನ್ನು ಹೇಳಬೇಕು, ಏಕೆಂದರೆ ನಮ್ಮ ನಂಬಿಕೆಗಳೆಲ್ಲ ಅಲ್ಲಿಂದಲೇ ಹುಟ್ಟಿವೆ. ಹುಡುಗಿಗೆ ಮೊದಲು ಸಿಗುತ್ತಿದ್ದುದು ಅರೆಯುವ ಕೆಲಸ. ನೆನೆದ ಅಕ್ಕಿ ಬೆಣ್ಣೆಯಂತೆ ಆಗುವವರೆಗೆ ಅರೆದರೆ ಬಿಳಿ. ಅಕ್ಕಿಯನ್ನೇ ಸೀಯುವವರೆಗೆ ಹುರಿದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ, ಗುಡ್ಡದ ಕೆಮ್ಮಣ್ಣಿನಿಂದ ಕೆಂಪು. ಆಮೇಲೆ ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುವುದು. ಆ ಬಳಿಕ, ಹಿರಿಯರು ಎಳೆದು ಬಿಟ್ಟ ಚೌಕದೊಳಗೆ ಸಣ್ಣ ಎಳೆಗಳನ್ನು ತುಂಬುವುದು. ಹೊರಗಿನ ಅಂಚಿನ ಎಳೆ ಕೈಗೆ ಬರುವ ಹೊತ್ತಿಗೆ ಹುಡುಗಿ ಹೆಂಗಸಾಗಿರುತ್ತಿದ್ದಳು. ಅಡಿಪಟ್ಟಿ, ಕೋಲು ಯಾವುದೂ ಇಲ್ಲದೆ, ಉಸಿರು ಹಿಡಿದು ಎಳೆದ ಗೆರೆ ಗೋಡೆಯ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಹೋಗುತ್ತಿತ್ತು. ಕೈ ಗೋಡೆಯ ಮೇಲೆ, ಬಾಯಲ್ಲಿ ಹಾಡು, ಪಕ್ಕದಲ್ಲಿ ಮುಂದಿನ ಚಿತ್ತಾರಗಿತ್ತಿ. ಹಸೆಗೋಡೆಯ ಆ ಕೋಣೆ ಶಾಲೆಯೂ ಹೌದು, ಕಲಾಶಾಲೆಯೂ ಹೌದು, ಮದುವೆಮನೆಯೂ ಹೌದು.

ಆ ಕೋಣೆ ಈಗ ಇಲ್ಲ. ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು. ಹಸೆಗೋಡೆಯ ಜಾಗಕ್ಕೆ ಪ್ಲಾಸ್ಟಿಕ್ ಹೂವಿನ ಹಂದರ ಬಂತು, ಹುಡುಗ-ಹುಡುಗಿಯ ಹೆಸರು ಬರೆದ ಫ್ಲೆಕ್ಸ್ ಬಂತು. ಉಳುವವರು ನೆಲಕ್ಕಾಗಿ ಎದ್ದು ನಿಂತ ಸೀಮೆ ನಮ್ಮದು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತರು, 1974ರ ಭೂಸುಧಾರಣೆ ತಿದ್ದುಪಡಿ ಕಾಯಿದೆ ಉಳುವವರನ್ನು ಒಡೆಯರನ್ನಾಗಿ ಮಾಡಿತು. ಅವರ ಮೊಮ್ಮಕ್ಕಳಾದ ನಮಗೆ ಭೂಮಿ ಬಂತು, ಭೂಮಿಯ ಜೊತೆಗೆ ಸಿಮೆಂಟಿನ ಮನೆ ಬಂತು, ಚಿತ್ತಾರದ ಮಣ್ಣಿನ ಗೋಡೆ ಹೋಯಿತು. ಮಣ್ಣಿನ ಮನೆಗೆ ಹಿಂತಿರುಗಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹಬ್ಬ ಬಂದಾಗಲೆಲ್ಲ ಗೋಡೆ ಸಾರಿಸಿ ಸೊಂಟ ಮುರಿದುಕೊಂಡ ತಾಯಂದಿರ ಮಕ್ಕಳು ನಾವು. ಮಳೆಗಾಲದಲ್ಲಿ ಸೋರದ ಸೂರು ಅವರಿಗೆ ಸಲ್ಲಲೇಬೇಕಾಗಿದ್ದ ನ್ಯಾಯ.

ಹಳೆಯ ವ್ಯವಸ್ಥೆ ಸೋತದ್ದು ಗೋಡೆಯಿಂದಲ್ಲ, ಬಾಗಿಲಿನಿಂದ. ಅದು ಕಸುಬನ್ನು ಜಾತಿಯೊಳಗೆ ಇಟ್ಟು ಬೀಗ ಹಾಕಿತು, ಜಾತಿಯೊಳಗೆ ಮನೆಗೆ, ಮನೆಯೊಳಗೆ ಹೆಂಗಸರ ಕೋಣೆಗೆ ಇನ್ನೊಂದೊಂದು ಬೀಗ ಜಡಿಯಿತು. ಅಲ್ಲಿ ಆದದ್ದನ್ನು ಮನೆಗೆಲಸ ಎಂದು ಕರೆಯಿತು. ಗೋಡೆ ತುಂಬ ಬರೆದವಳ ಹೆಸರನ್ನು ಯಾರೂ ಕೇಳಲಿಲ್ಲ, ಅವಳೂ ಬರೆಯಲಿಲ್ಲ. ಮುಂದಿನ ಹಬ್ಬದ ಸಾರಣೆಯಲ್ಲಿ ಎಲ್ಲವೂ ಮುಚ್ಚಿಹೋಯಿತು. ಒಳಗಿರುವವರೆಗೆ ಮಾತ್ರ ಒಳಗಿನದು ಉಳಿಯುತ್ತದೆ ಎಂದು ಆ ವ್ಯವಸ್ಥೆ ನಂಬಿತ್ತು. ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದಾಗ ಒಳಗೆ ಯಾರೂ ಇರಲಿಲ್ಲ.

ಅದರ ನಂತರ ಬಂದ ವ್ಯವಸ್ಥೆ ಕಲೆಯನ್ನು ಮೆಚ್ಚಿತು, ಕಲಿಕೆಯನ್ನು ಮರೆಯಿತು. ಚಿತ್ತಾರವನ್ನು ಗೋಡೆಯಿಂದ ಇಳಿಸಿ ಕಾಗದಕ್ಕೆ ಹಚ್ಚಿ ಚೌಕಟ್ಟು ಹಾಕಿಸಿತು. ಮೇಳದ ಮಳಿಗೆಯಲ್ಲಿ ಕೂರಿಸಿ ಫೋಟೋ ತೆಗೆಯಿತು. 1999ರಲ್ಲಿ ಭೌಗೋಳಿಕ ಸೂಚಕದ ಕಾನೂನು ಬಂತು, 2003ರಿಂದ ಜಾರಿಯಾಯಿತು. ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಆಟಿಕೆ, ಬಿದ್ರಿ, ಕಸೂತಿ ಎಲ್ಲಕ್ಕೂ ಆ ಮುದ್ರೆ ಸಿಕ್ಕಿತು. ಹೆಸರನ್ನು ಕದಿಯದಂತೆ ಕಾನೂನು ಕಾಯುತ್ತದೆ, ನಮಗದು ಬೇಕು. ಆದರೆ ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಕಿಟ್ಟ ಮಾಡುವುದನ್ನು ಕಿನ್ನಾಳದ ಒಂದು ಮಗುವಿಗೂ ಯಾವ ಕಾನೂನೂ ಕಲಿಸುವುದಿಲ್ಲ. 2023ರಲ್ಲಿ ಹಂಪಿಯಲ್ಲಿ 1,755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಟ್ಟಿಗೆ ಇಟ್ಟು ವಿಶ್ವದಾಖಲೆ ಮಾಡಲಾಯಿತು. ಅಷ್ಟೂ ಸೂಜಿ ಹಿಡಿದ ಬೆರಳುಗಳಿಗೆ ನಮ್ಮ ನಮಸ್ಕಾರ. ಆ ಬೆರಳುಗಳ ಪಕ್ಕದಲ್ಲಿ ಕೂತು ಕಲಿಯುತ್ತಿರುವವರ ಲೆಕ್ಕವನ್ನೂ ನಾಡು ಇಡಬೇಕು ಎಂಬುದು ನಮ್ಮ ಮಾತು. ಬಿದ್ರಿಯ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ, ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ನಮ್ಮ ಮನೆಗಳಲ್ಲೂ ಹಬ್ಬವಾಯಿತು. ಭೀಮವ್ವನವರಿಗೆ ಆಗ ತೊಂಬತ್ತು ದಾಟಿತ್ತು. ಗೌರವ ಅಷ್ಟು ತಡವಾಗಿ ಬರುವ ನಾಡಿನಲ್ಲಿ ಕಲಿಕೆಯಾದರೂ ಬೇಗ ಶುರುವಾಗಬೇಕು.

ಶಾಲೆಯ ಡ್ರಾಯಿಂಗ್ ಪುಸ್ತಕವನ್ನು ತೆರೆದು ನೋಡಿ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ದೋಣಿ. ಜೋಗಿ ಜಡೆಯ ಚಿತ್ತಾರ ಬರೆಯುತ್ತಿದ್ದ ಅಜ್ಜಿಯ ಮೊಮ್ಮಗಳೂ ಅದನ್ನೇ ಬರೆಯುತ್ತಾಳೆ, ಮಲೆನಾಡಿನ ಮಗು ಮಲೆನಾಡನ್ನು ಬಿಟ್ಟು ಉಳಿದೆಲ್ಲವನ್ನೂ ಬರೆಯುತ್ತದೆ. ಇದು ಮಗುವಿನ ತಪ್ಪಲ್ಲ, ಮೇಷ್ಟರದ್ದೂ ಅಲ್ಲ. ಆ ಅಜ್ಜಿಗೆ ಶಾಲೆಯಲ್ಲಿ ಒಂದು ಕುರ್ಚಿ ಹಾಕಬೇಕು ಎಂದು ಯಾರಿಗೂ ಹೊಳೆಯಲೇ ಇಲ್ಲ.

ಕೈಗುಣ ರಕ್ತದಲ್ಲಿ ಬರುತ್ತದೆ ಎಂಬುದನ್ನು ನಾವು ನಂಬುವುದಿಲ್ಲ. ಅದು ರೂಢಿಯಿಂದ ಬರುತ್ತದೆ, ಹತ್ತಿರ ಕೂರುವುದರಿಂದ ಬರುತ್ತದೆ. ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಹೆಗ್ಗೋಡಿಗೆ ಹತ್ತಿರದ ಭೀಮನಕೋಣೆಯಲ್ಲಿ, ನೇಯ್ಗೆಯ ಮನೆತನವಿಲ್ಲದ ಹಳ್ಳಿಯ ಹೆಣ್ಣುಮಕ್ಕಳು ಚರಕ ಸಂಸ್ಥೆಯ ಮಗ್ಗಗಳಲ್ಲಿ ಕೂತು ನೇಯುವುದನ್ನು ಕಲಿತರು, ಅಡಿಕೆ ಚೊಗರಿನಿಂದ ಬಣ್ಣ ಕಟ್ಟಿದರು. ಚನ್ನಪಟ್ಟಣದಲ್ಲಿ ಬಾವಾಸ್ ಮಿಯಾ ಅವರು ಜಪಾನಿನ ಅರಗಿನ ಕೆಲಸದಿಂದ ಹೊಸ ಬಗೆಗಳನ್ನು ತಂದು ಊರಿಗೆ ಹಂಚಿದರು. ಇಂದು ಅಲ್ಲಿ ಹಾಲೆಮರದ ತುಂಡನ್ನು ಲೇತಿಗೆ ಕೊಡುವ ಕೈಗಳು ಒಂದೇ ಜಾತಿಯವಲ್ಲ, ಒಂದೇ ಮತದವಲ್ಲ. ಹಂಚಿದ ಕಸುಬು ಊರಾಯಿತು.

ಕಲಿಸಲು ದೊಡ್ಡ ಕಟ್ಟಡ ಬೇಕಿಲ್ಲ ಎಂಬುದನ್ನೂ ನಮ್ಮ ನೆಲವೇ ತೋರಿಸಿಕೊಟ್ಟಿದೆ. 1949ರಲ್ಲಿ ಹೆಗ್ಗೋಡಿನಂಥ ಸಣ್ಣ ಊರಿನಲ್ಲಿ ನೀನಾಸಂ ನಾಟಕ ಸಂಘ ಶುರುವಾಯಿತು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಟ, ನಾಟಕ, ಚಿತ್ರಗಳ ನಡುವೆ ಬಿಟ್ಟರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶದ ಕೈಕಸುಬುಗಳಿಗೆ ತಲೆಯೆತ್ತಿ ನಿಲ್ಲುವ ಧೈರ್ಯ ಕೊಟ್ಟರು. ಇವರ ಹೆಜ್ಜೆಗಳಿರುವ ದಾರಿಯಲ್ಲಿ ನಡೆಯಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದ್ದರಿಂದ ನಾವು ನಮ್ಮ ಜಗಲಿಗಳನ್ನು ತೆರೆಯುತ್ತೇವೆ. ವಾರಕ್ಕೊಂದು ಮಧ್ಯಾಹ್ನ, ಕಸುಬು ಬಲ್ಲ ಪ್ರತಿ ಮನೆಯ ಜಗಲಿ ಕೇರಿಯ ಎಲ್ಲರದ್ದು. ಯಾರ ಮಗು ಎಂದು ಕೇಳುವುದಿಲ್ಲ. ಜಾತಿ ಕೇಳುವುದಿಲ್ಲ. ಗಂಡುಮಕ್ಕಳೂ ಅಕ್ಕಿ ಅರೆಯುತ್ತಾರೆ, ಹೆಣ್ಣುಮಕ್ಕಳೂ ಉಳಿ ಹಿಡಿಯುತ್ತಾರೆ, ಅಪ್ಪಂದಿರು ಬಂದರೆ ಅವರೂ ಕೂರುತ್ತಾರೆ. ಸ್ಪರ್ಧೆ ನಡೆಸುವುದಿಲ್ಲ, ಮೊದಲ ಬಹುಮಾನ ಇಡುವುದಿಲ್ಲ. ಬೇಸಿಗೆ ಶಿಬಿರದ ಕೊನೆಯ ದಿನ ಕೊಡುವ ಪ್ರಮಾಣಪತ್ರವನ್ನು ನಾವು ಕೊಡುವುದಿಲ್ಲ, ಏಕೆಂದರೆ ನಮ್ಮಲ್ಲಿ ಕೊನೆಯ ದಿನವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಊರಿನ ಕುಂಬಾರರು, ಬಡಗಿಗಳು, ಕಲಾವಿದರ ಬಳಿ ಕಲಿಯಬೇಕೆಂದು ಹೇಳಿದೆ. ಆ ಹತ್ತು ದಿನಗಳನ್ನು ನಾವು ಕೈಯಾರೆ ತೆಗೆದುಕೊಳ್ಳುತ್ತೇವೆ, ಹನ್ನೊಂದನೆಯ ದಿನ ಮಗುವಿಗೆ ಜಗಲಿಯ ದಾರಿ ತೋರಿಸುತ್ತೇವೆ.

ಗೋಡೆಗಳು ಊರಿನಲ್ಲಿ ಬೇಕಾದಷ್ಟಿವೆ. ಅಂಗನವಾಡಿಯ ಗೋಡೆ, ಹಾಲಿನ ಡೇರಿಯ ಗೋಡೆ, ಬಸ್ ತಂಗುದಾಣದ ಗೋಡೆ, ಪಂಚಾಯ್ತಿ ಕಟ್ಟಡದ ಗೋಡೆ. ಸಿಮೆಂಟಿಗೆ ಕೆಮ್ಮಣ್ಣು ಸರಿಯಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಉದುರುತ್ತದೆ ಎಂಬುದು ನಮಗೆ ಗೊತ್ತು. ಹಿಡಿಸುವ ಬಗೆಯನ್ನು ಮಕ್ಕಳ ಜೊತೆಯಲ್ಲೇ ಹುಡುಕುತ್ತೇವೆ. ನಮ್ಮ ಅಜ್ಜಿಯರೂ ಗುರಿಗೆ ಬೀಜದಲ್ಲಿ ಹಳದಿಯನ್ನು ಹಾಗೆಯೇ ಹುಡುಕಿರಬೇಕು.

ಬಾಗಿಲು ತೆರೆಯುವುದೆಂದರೆ ಕಸುಬನ್ನು ಬಿಟ್ಟಿ ಬಿಟ್ಟುಕೊಡುವುದಲ್ಲ. ಯಾವ ಕೆಲಸಕ್ಕಾಗಿ ನಮ್ಮನ್ನು ಕೀಳಾಗಿ ಕಂಡರೋ ಅದೇ ಕೆಲಸವನ್ನು ಈಗ ಸೀರೆಯ ಅಂಚಿಗೆ, ಹೋಟೆಲಿನ ಗೋಡೆಗೆ ಅಚ್ಚು ಹಾಕಿ ಮಾರುವವರಿದ್ದಾರೆ. ಅದರಲ್ಲಿ ನಮ್ಮ ಹೆಸರೂ ಇಲ್ಲ, ಪಾಲೂ ಇಲ್ಲ. ನಮ್ಮ ಜಗಲಿಯಲ್ಲಿ ಕಲಿತವರು ಯಾರ ಕೈಯಿಂದ ಕಲಿತೆ ಎಂಬುದನ್ನು ಹೋದಲ್ಲೆಲ್ಲ ಹೇಳುತ್ತಾರೆ, ತಾವು ಬರೆದದ್ದರ ಕೆಳಗೆ ಕಲಿಸಿದವಳ ಹೆಸರನ್ನೂ ಬರೆಯುತ್ತಾರೆ. ಮನೆಯಿಂದ ಮನೆಗೆ ಬೇರೆಯಾಗುವ, ನಿಲಿಗಳೆಂಬ ಚಿತ್ತಾರದ ವಿನ್ಯಾಸಗಳನ್ನು, ಅವುಗಳ ಹೆಸರುಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಇಳಿಸುತ್ತೇವೆ, ಹೇಳಿದ ಅಜ್ಜಿಯ ಹೆಸರಿನ ಸಮೇತ. ಕಲಿಸುವವರಿಗೆ ಕೂಲಿ ಸಲ್ಲುತ್ತದೆ, ಅದು ಅಡಿಕೆ ಕೊಯ್ಲಿನ ದಿನಗೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಇರುವುದಿಲ್ಲ. ಇದನ್ನು ಶಾಲೆ, ಪಂಚಾಯ್ತಿ, ಸಂಘ, ಊರಿನ ಉಳ್ಳವರು ಸೇರಿ ಹೊರಬೇಕು. ಕಲಿಯುವ ಮಗುವಿನ ಮನೆಯಿಂದ ಒಂದು ಸೇರು ಅಕ್ಕಿ ಬಂದರೆ ಸಾಕು, ಅದೂ ಬಣ್ಣಕ್ಕೆ.

ಮುಂದೆ ನಮ್ಮ ಜೊತೆ ಸೇರಲಿರುವವರೇ, ಈ ಬದುಕು ಹೇಗಿದೆ ಎಂಬುದನ್ನು ಮೊದಲೇ ತಿಳಿದುಕೊಂಡು ಬನ್ನಿ. ಬೆಳಿಗ್ಗೆ ಗದ್ದೆ, ಕೊಟ್ಟಿಗೆ, ಅಡಿಕೆ. ಮಧ್ಯಾಹ್ನ ಶಾಲೆ ಅಥವಾ ಜಗಲಿ. ನಿಮ್ಮ ಸ್ವಂತ ಗೋಡೆಗೆ ಸಿಗುವುದು ರಾತ್ರಿಯ ಹೊತ್ತು ಮಾತ್ರ. ಮೂರು ವಾರ ಬಂದ ಹುಡುಗ ನಾಲ್ಕನೇ ವಾರ ಕ್ರಿಕೆಟ್ಟಿಗೆ ಹೋಗುತ್ತಾನೆ, ಅವನಿಗಾಗಿ ಜಾಗ ಇಟ್ಟಿರಬೇಕು. ಎಳೆ ಸೊಟ್ಟಗಾದಾಗ ಮಗುವಿನ ಕೈಯಿಂದ ಕುಂಚ ಕಿತ್ತುಕೊಳ್ಳಬೇಕೆನಿಸುತ್ತದೆ, ಕಿತ್ತುಕೊಳ್ಳಬಾರದು. ಮಗುವಿಗಿಂತ ಮೊದಲು ಅದರ ಅಮ್ಮ ಬಂದು ಕೂರುತ್ತಾಳೆ, ಅವಳಿಗೂ ಒಂದು ಕುಂಚ ಕೊಡಬೇಕು. ಹೀಗೆ ಕಲಿಸುತ್ತಾ ನಿಮ್ಮ ಎಳೆಯೇ ಬದಲಾಗುತ್ತದೆ. ವಿವರಿಸಿ ಹೇಳಬೇಕಾಗಿ ಬಂದಾಗ, ಅಮ್ಮ ಯಾಕೆ ಮೂಲೆಯಿಂದಲೇ ಶುರು ಮಾಡುತ್ತಿದ್ದಳು ಎಂಬುದು ನಿಮಗೇ ಮೊದಲ ಸಲ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಸಂಪಾದನೆಯನ್ನು ಕಲೆಯಿಂದ ನಾವು ಬಯಸುವುದಿಲ್ಲ.

ಧಾರವಾಡದಲ್ಲಿ ಕಸೂತಿಯ ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ ಹೊಲಿಗೆಗಳನ್ನು ಹಾಕಲು ಬಲ್ಲ ತಾಯಂದಿರೇ, ನಿಮ್ಮ ಪಡಸಾಲೆಯನ್ನು ತೆರೆಯಿರಿ. ಕಿನ್ನಾಳದ ಚಿತ್ರಗಾರರೇ, ಸಂಡೂರಿನ ತಾಂಡಾಗಳ ಅಕ್ಕಂದಿರೇ, ಬೀದರಿನ ಕುಶಲಕರ್ಮಿಗಳೇ, ನಿಮ್ಮ ಓಣಿಯ ಮಕ್ಕಳನ್ನು ಕರೆಯಿರಿ. ನಮ್ಮ ನಿಯಮಗಳು ನಿಮಗೆ ಒಗ್ಗದಿದ್ದರೆ ನಿಮ್ಮವನ್ನು ಮಾಡಿಕೊಳ್ಳಿ. ಬಾಗಿಲು ತೆರೆದಿರುವುದು, ಕಲಿಸಿದವರ ಹೆಸರು ಉಳಿಯುವುದು, ಅವರಿಗೆ ಕೂಲಿ ಸಲ್ಲುವುದು, ಇವಿಷ್ಟನ್ನು ಮಾತ್ರ ಬಿಡಬೇಡಿ.

ನಮ್ಮ ಕೆಲಸ ಭೂಮಿ ಹುಣ್ಣಿಮೆಯ ಬುಟ್ಟಿಯಿಂದ ಶುರುವಾಗುತ್ತದೆ. ದಸರಾ ಮುಗಿದ ಮಾರನೇ ದಿನದಿಂದ ಹುಣ್ಣಿಮೆಯವರೆಗೆ ನಮ್ಮ ಜಗಲಿಗಳಲ್ಲಿ, ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತೇವೆ. ಹೊಲ, ಗದ್ದೆ ಇಲ್ಲದವರೂ ಬನ್ನಿ, ನಮ್ಮ ಗದ್ದೆಗೆ ಚರಗ ಚೆಲ್ಲಲು ಜೊತೆಗೆ ನಡೆಯಿರಿ. ಬುಟ್ಟಿಯನ್ನು ನಿಮ್ಮೂರಿನ ಮೇದಾರರಿಂದಲೇ ಕೊಂಡು ತನ್ನಿ, ಹೇಳಿದ ಬೆಲೆ ಕೊಡಿ. ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿಕೊಂಡಿದ್ದರೆ ಆ ದಿನವೇ ಎಳೆ ಹಾಕಬಹುದು. ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿಡಿ.